ಫೇಥಾನ್‌ಗೆ ಕೊನೆಯ ಪ್ಯಾರಾ ಸಾಲದು

ನಮಸ್ಕಾರ,

ಸೂರ್ಯನ ತೀರಾ ಹತ್ತಿರ ಹೋಗಿಬರುವ ಕ್ಷುದ್ರಗ್ರಹಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ವಿಷಯ ಬಿಡಬೇಡಿ, ಮತ್ತೆ ಬರೆಯಿರಿ.

ಮೊದಲ ಎರಡು ಪುಟ 'ಅನಂತ ವಿಶ್ವದ ರಹಸ್ಯ'ದಲ್ಲೇ ಕಳೆದುಹೋಗಿವೆ. ಪೂರ್ತಿ ತೆಗೆಯಿರಿ. ಓದುಗರಿಗೆ ಹಿಡಿದುಕೊಳ್ಳಲು ಒಂದು ಕಲ್ಲು ಬೇಕು ಅಲ್ವಾ? ಅದು ನಿಮ್ಮ ಹತ್ತಿರವೇ ಇದೆ. ಕೊನೆಯ ಪ್ಯಾರಾದಲ್ಲಿ ಸುಮ್ನೆ ಹೆಸರು ಹೇಳಿ ಬಿಟ್ಟಿದ್ದೀರಿ: ಫೇಥಾನ್ ಎಂಬ ಕ್ಷುದ್ರಗ್ರಹ. 1983ರಲ್ಲಿ ಐರಾಸ್ ಉಪಗ್ರಹದ ಮೂಲಕ ಸಿಕ್ಕಿದ್ದು. ಅಗಲ ಐದಾರು ಕಿ.ಮೀ. ಮಂಗಳನ ಕಕ್ಷೆಯಾಚೆ ಹೋಗಿ, ತಿರುಗಿ ಬಂದು, ಸೂರ್ಯನಿಂದ ಸುಮಾರು 2.1 ಕೋಟಿ ಕಿ.ಮೀ. ದೂರಕ್ಕೆ ಇಳಿಯುತ್ತದೆ. ಬುಧ ಕೂಡ 4.6 ಕೋಟಿಗಿಂತ ಹತ್ತಿರ ಹೋಗುವುದಿಲ್ಲ! ದೂರದ ತುದಿಯಲ್ಲಿ ಸೆಕೆಂಡಿಗೆ ಆರೇಳು ಕಿ.ಮೀ. ವೇಗ, ಸೂರ್ಯನ ಬಳಿ ನೂರಕ್ಕೂ ಜಾಸ್ತಿ. ಇದನ್ನು ಬಿಟ್ಟು ವಿಶೇಷಣ ಯಾಕೆ?

'ಧಗಧಗ ಉರಿಯುತ್ತಾ' ಎಂದಿದ್ದೀರಿ. ಗಾಳಿಯೇ ಇಲ್ಲದ ಕಡೆ ಉರಿಯುವುದು ಹೇಗೆ? ಅಲ್ಲಿ ಆಗುವುದೇ ಬೇರೆ. ಮೇಲ್ಮೈ 700 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಫೇಥಾನ್ 3.6 ಗಂಟೆಗೊಮ್ಮೆ ಬುಗುರಿಯಂತೆ ತನ್ನ ಸುತ್ತ ತಾನೇ ತಿರುಗುತ್ತದೆ. ಕಾದ ಮೈ ಕತ್ತಲಿಗೆ ಹೋಗುತ್ತದೆ, ಮತ್ತೆ ಬಿಸಿಲಿಗೆ ಬರುತ್ತದೆ. ಕಲ್ಲು ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಸೂರ್ಯನ ಹತ್ತಿರ ಅದಕ್ಕೊಂದು ಬಾಲವೂ ಮೂಡುತ್ತದೆ. ಅದು ಧೂಳಲ್ಲ, ಸೋಡಿಯಂ ಎಂದು 2023ರಲ್ಲಿ ವಿಜ್ಞಾನಿಗಳು ತೋರಿಸಿದರು.

ನಿಮ್ಮ ಲೇಖನದ ಬೆನ್ನೆಲುಬು ಇಲ್ಲೇ ಇದೆ. ಡಿಸೆಂಬರ್‌ನಲ್ಲಿ ಕಾಣುವ ಜೆಮಿನಿಡ್ ಉಲ್ಕೆಗಳು ಫೇಥಾನ್‌ನಿಂದ ಉದುರಿದ ಪುಡಿ. ಬಾಲದಲ್ಲಿ ಧೂಳೇ ಇಲ್ಲದಿದ್ದರೆ ಅಷ್ಟೊಂದು ಪುಡಿ ಬಂದಿದ್ದು ಎಲ್ಲಿಂದ? ಹಿಂದೆಂದೋ ಅದು ಜೋರಾಗಿ ಒಡೆಯಿತೇ? ಈ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಇದನ್ನೇ ಹಿಡಿದು ಹೋಗಿ. ಇಂಥ ಕಲ್ಲುಗಳು ಸೂರ್ಯನನ್ನು ಮುಟ್ಟುವ ಎಷ್ಟೋ ಮೊದಲೇ ಪುಡಿಯಾಗುತ್ತವೆ ಎಂದು 2016ರ ಅಧ್ಯಯನವೊಂದು ಹೇಳಿತು. ಅದನ್ನೂ ಸೇರಿಸಿ.

'ಭೂಮಿಗೆ ಗಂಡಾಂತರ' ಎಂಬ ಶೀರ್ಷಿಕೆ ಬೇಡವೇ ಬೇಡ. 2017ರಲ್ಲಿ ಫೇಥಾನ್ ಹತ್ತಿರ ಬಂದಾಗಲೂ ಒಂದು ಕೋಟಿ ಕಿ.ಮೀ. ದೂರದಲ್ಲಿತ್ತು. ಓದುಗರನ್ನು ಸುಳ್ಳು ಹೆದರಿಕೆಯಿಂದ ಕರೆದರೆ ಮುಂದಿನ ಸಲ ಅವರು ನಿಮ್ಮನ್ನು ನಂಬುವುದಿಲ್ಲ. ಇಕಾರಸ್ ಎಂಬ ಇನ್ನೊಂದು ಕ್ಷುದ್ರಗ್ರಹದ ಭಾಗ ಚೆನ್ನಾಗಿದೆ, ಅರ್ಧಕ್ಕೆ ಇಳಿಸಿ. ಹೊಸ ಕರಡು ಎರಡು ಪುಟ ದಾಟದಿರಲಿ. ನಾನೇ ಓದುತ್ತೇನೆ.