ಸ್ವಯಂಸೇವಾ ಸಂಸ್ಥೆಯ ಕೃಷಿ ಸಲಹೆಯಿಂದ ಸಣ್ಣ ರೈತರ ಬದುಕು ಸುಧಾರಿಸುತ್ತದೆಯೇ?

ಪ್ರಶ್ನೆ: ನಮ್ಮ ಊರಿನ ಸಣ್ಣ ರೈತರಿಗೆ ಮೂರು ವರ್ಷ ಉಚಿತವಾಗಿ ಕೃಷಿ ಸಲಹೆ ನೀಡಲು ಒಂದು ಸ್ವಯಂಸೇವಾ ಸಂಸ್ಥೆ ಮುಂದೆ ಬಂದಿದೆ. ಕೃಷಿ ಇಲಾಖೆಯವರಿದ್ದಾರೆ, ಔಷಧಿ ಅಂಗಡಿಯವರೂ ಸಲಹೆ ಹೇಳುತ್ತಾರೆ. ಹೀಗಿರುವಾಗ ಈ ಸಂಸ್ಥೆಯಿಂದ ಬಡ ಕುಟುಂಬಗಳ ಜೀವನೋಪಾಯಕ್ಕೆ ನಿಜವಾಗಿ ಅನುಕೂಲವಾಗುತ್ತದೆಯೇ? ಸೇರುವ ಮೊದಲು ನಾವು ಏನನ್ನು ವಿಚಾರಿಸಬೇಕು?

ಉತ್ತರ: ಅನುಕೂಲವಾಗಬಲ್ಲದು. ಆದರೆ ಇಳುವರಿ ಹೆಚ್ಚಿದ ಮಾತ್ರಕ್ಕೆ ಜೀವನೋಪಾಯ ಸುಧಾರಿಸಿತೆಂದು ಭಾವಿಸಬೇಡಿ. ಇವೆರಡನ್ನೂ ಒಂದೇ ಎಂದು ತಿಳಿದುದರಿಂದಲೇ ಒಳ್ಳೆಯ ಉದ್ದೇಶದ ಅನೇಕ ಯೋಜನೆಗಳು ಎಡವಿವೆ.

ಅಂಗಡಿಯವರ ಸಲಹೆ ಮಾರಾಟಕ್ಕೆ ಅಂಟಿಕೊಂಡಿರುತ್ತದೆ. ‘ಈ ವಾರ ಏನನ್ನೂ ಸಿಂಪಡಿಸಬೇಡಿ’ ಎಂದು ಹೇಳುವುದರಿಂದ ಅವರಿಗೆ ಆದಾಯವಿಲ್ಲ. ಇಲಾಖೆಯ ಸಿಬ್ಬಂದಿಗೆ ವಿಸ್ತಾರವಾದ ವ್ಯಾಪ್ತಿಯ ಜೊತೆಗೆ ಸಹಾಯಧನದ ಕಡತಗಳ ಹೊರೆಯೂ ಇರುವುದರಿಂದ, ಒಂದೇ ಹೊಲಕ್ಕೆ ಮತ್ತೆ ಮತ್ತೆ ಬರಲು ಬಿಡುವು ಸಿಗುವುದು ಕಷ್ಟ. ಮಾರುವ ಸರಕೂ ಇಲ್ಲದ, ಹಂಚುವ ಸಹಾಯಧನವೂ ಇಲ್ಲದ ಸಂಸ್ಥೆಯೊಂದು ಬಿತ್ತನೆಯಿಂದ ಕೊಯ್ಲಿನವರೆಗೆ ಅದೇ ಗುಂಪಿನೊಂದಿಗೆ ಇರಬಲ್ಲುದಾದರೆ, ಅದರ ನಿಜವಾದ ಬಲ ಅದೇ.

ಹೀಗೆ ಬಿತ್ತನೆಯಿಂದ ಕೊಯ್ಲಿನವರೆಗೆ ಗುಂಪಾಗಿ ಹೊಲದಲ್ಲೇ ಕಲಿಯುವುದಕ್ಕೆ ಹೆಸರಾದುದು ರೈತರ ಕ್ಷೇತ್ರ ಪಾಠಶಾಲೆ. ಇಂಡೊನೇಷ್ಯಾದಲ್ಲಿ ಕೀಟನಾಶಕಗಳ ಅತಿಬಳಕೆಯಿಂದ ಜೇಡದಂಥ ಮಿತ್ರಜೀವಿಗಳು ಸತ್ತು, ಭತ್ತಕ್ಕೆ ಕಂದು ಜಿಗಿಹುಳುವಿನ ಕಾಟ ಕೈಮೀರಿದಾಗ, ಅಲ್ಲಿನ ಸರ್ಕಾರ 1986ರಲ್ಲಿ 57 ಬಗೆಯ ಕೀಟನಾಶಕಗಳನ್ನು ಭತ್ತದ ಬೆಳೆಗೆ ನಿಷೇಧಿಸಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ 1989ರಲ್ಲಿ ಪಾಠಶಾಲೆಗಳು ಆರಂಭವಾದವು. ಮುಂದೆ ಅನೇಕ ದೇಶಗಳಲ್ಲಿ ಸ್ವಯಂಸೇವಾ ಸಂಸ್ಥೆಗಳೂ ಇದನ್ನು ಕೈಗೆತ್ತಿಕೊಂಡವು. ಅಲ್ಲಿ ಭಾಷಣವಿರುವುದಿಲ್ಲ. ಸುಮಾರು ಇಪ್ಪತ್ತೈದು ಮಂದಿ ವಾರಕ್ಕೊಮ್ಮೆ ಬೆಳಿಗ್ಗೆ ಗದ್ದೆಗಿಳಿದು, ಕೆಲವು ಬುಡಗಳನ್ನು ಆರಿಸಿಕೊಂಡು, ಕಾಂಡಗಳ ಸಂದಿಯಲ್ಲಿ ಜಿಗಿಹುಳುಗಳೆಷ್ಟು, ಅವನ್ನು ತಿನ್ನುವ ಜೇಡಗಳೆಷ್ಟು ಎಂದು ಎಣಿಸುತ್ತಾರೆ; ಬಳಿಕ ದೊಡ್ಡ ಹಾಳೆಯ ಮೇಲೆ ಗಿಡವನ್ನೂ ಹುಳುಗಳನ್ನೂ ಬರೆದು, ಈ ವಾರ ಸಿಂಪಡಣೆ ಬೇಕೇ ಬೇಡವೇ ಎಂದು ತಾವೇ ಚರ್ಚಿಸಿ ತೀರ್ಮಾನಿಸುತ್ತಾರೆ. ಹೀಗೆ ಕಲಿತವರು ಸಲಹೆಗಾರ ಹೋದ ಮೇಲೂ ಎಣಿಸಬಲ್ಲರು. ಆದರೂ ಇಂಡೊನೇಷ್ಯಾದ ಇದೇ ಪಾಠಶಾಲೆಗಳ ಬಗ್ಗೆ 2004ರಲ್ಲಿ ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಲ್ಲಿ, ಕಲಿತವರ ಇಳುವರಿಯಲ್ಲಾಗಲಿ ಕೀಟನಾಶಕದ ಬಳಕೆಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬೇರೆ ದೇಶಗಳ ಹಲವು ಅಧ್ಯಯನಗಳು ಇದಕ್ಕಿಂತ ಆಶಾದಾಯಕವಾಗಿವೆ. ಆದ್ದರಿಂದ ವಿಧಾನದ ಹೆಸರು ಕೇಳಿ ಒಪ್ಪಿಕೊಳ್ಳಬೇಡಿ, ಅದನ್ನು ನಡೆಸುವವರನ್ನು ನೋಡಿ.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದುದು ಮಡಗಾಸ್ಕರ್‌ನ ಅನುಭವ. ಕಡಿಮೆ ನೀರಿನಲ್ಲಿ ಭತ್ತ ಬೆಳೆಯುವ ‘ಶ್ರೀ ಪದ್ಧತಿ’ 1980ರ ದಶಕದಲ್ಲಿ ಹುಟ್ಟಿದ್ದು ಅಲ್ಲಿಯೇ. 1990ರಲ್ಲಿ ರೂಪುಗೊಂಡ ತೆಫಿ ಸೈನಾ ಎಂಬ ಸಂಸ್ಥೆ ಅದನ್ನು ಹಳ್ಳಿಗಳಿಗೆ ಒಯ್ದಿತು. ಎಳೆಯ ಸಸಿಗಳನ್ನು ಒಂದೊಂದಾಗಿ, ಅಂತರ ಬಿಟ್ಟು ನೆಡಬೇಕು, ಗದ್ದೆಯಲ್ಲಿ ನೀರು ನಿಲ್ಲಗೊಡಬಾರದು. ಇಳುವರಿ ಹೆಚ್ಚಿತು. ಆದರೂ ಬಡ ರೈತರಲ್ಲಿ ಹಲವರು ಅದನ್ನು ಕೈಗೊಳ್ಳಲೇ ಇಲ್ಲ, ಕೈಗೊಂಡವರಲ್ಲಿಯೂ ಅನೇಕರು ಬಿಟ್ಟರು. ಕಾರಣ ಅಜ್ಞಾನವಲ್ಲ. ನೀರು ನಿಲ್ಲದ ಗದ್ದೆಯಲ್ಲಿ ಕಳೆ ಜಾಸ್ತಿ, ನಾಟಿಗೂ ಕಳೆ ತೆಗೆಯುವುದಕ್ಕೂ ಹೆಚ್ಚು ಆಳು ಬೇಕು. ಅದೇ ತಿಂಗಳುಗಳಲ್ಲಿ ಮನೆಯ ಧಾನ್ಯ ಮುಗಿದಿರುವುದರಿಂದ ಆ ಕುಟುಂಬದವರು ಅನ್ನಕ್ಕಾಗಿ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗಲೇಬೇಕಿತ್ತು. ಕೊಯ್ಲಿನಲ್ಲಿ ಬರುವ ಲಾಭಕ್ಕಾಗಿ ಇವತ್ತಿನ ಕೂಲಿ ಬಿಡುವ ಶಕ್ತಿ ಅವರಿಗಿರಲಿಲ್ಲ. ಈ ಸಂಗತಿ ನನ್ನನ್ನು ಬಹಳ ಕಾಡಿದೆ, ಏಕೆಂದರೆ ಅಲ್ಲಿ ಬೇಸಾಯದ ಲೆಕ್ಕ ಸರಿಯಾಗಿತ್ತು, ಮನೆಯ ಲೆಕ್ಕವನ್ನು ಮಾತ್ರ ಹಾಕಿರಲಿಲ್ಲ.

ಆದುದರಿಂದ ಸಂಸ್ಥೆಯವರೊಡನೆ ಕುಳಿತಾಗ, ಅವರು ಹೇಳುವ ಹೊಸ ಕ್ರಮಕ್ಕೆ ಯಾವ ತಿಂಗಳು ಎಷ್ಟು ಆಳು ಬೇಕು, ಅದರಲ್ಲಿ ಹೆಂಗಸರ ಕೆಲಸವೆಷ್ಟು ಎಂದು ಮೊದಲು ಕೇಳಿ. ಮನೆಯವರ ದುಡಿಮೆಗೆ ಕೂಲಿ ಹಿಡಿಯದೆ ತೋರಿಸುವ ಲಾಭವನ್ನು ನಂಬಬೇಡಿ. ಪ್ರಾತ್ಯಕ್ಷಿಕೆ ತಾಕಿಗೆ ಬೀಜ, ಗೊಬ್ಬರ ಉಚಿತವಾಗಿ ಬಂದಿದ್ದರೆ ಅವುಗಳ ಬೆಲೆಯನ್ನೂ ಸೇರಿಸಿ ಖರ್ಚು ಬರೆಸಿ. ಗೇಣಿದಾರರನ್ನೂ, ಪಹಣಿಯಲ್ಲಿ ಹೆಸರಿಲ್ಲದ ಹೆಣ್ಣುಮಕ್ಕಳನ್ನೂ ಗುಂಪಿಗೆ ಸೇರಿಸುತ್ತಾರೆಯೇ ಎಂಬುದನ್ನೂ ತಿಳಿದುಕೊಳ್ಳಿ. ಕಡತದಲ್ಲಿರುವ ರೈತ ಒಬ್ಬ, ಹೊಲದಲ್ಲಿ ದುಡಿಯುವವರು ಇನ್ನೊಬ್ಬರಾದರೆ ಸಲಹೆ ತಲುಪಬೇಕಾದವರನ್ನು ತಲುಪುವುದಿಲ್ಲ.

ಮೂರು ವರ್ಷ ಎಂದಿದ್ದೀರಿ. ನಾಲ್ಕನೆಯ ವರ್ಷ ಎಲೆ ಹಳದಿಯಾದರೆ ಯಾರನ್ನು ಕೇಳಬೇಕೆಂಬುದನ್ನು ಈಗಲೇ ಇತ್ಯರ್ಥ ಮಾಡಿಕೊಳ್ಳಿ. ಊರಿನಲ್ಲಿಯೇ ಇಬ್ಬರು ಮೂವರನ್ನು ತರಬೇತುಗೊಳಿಸಿ, ಅವರನ್ನು ಇಲಾಖೆಗೂ ಕೃಷಿ ವಿಜ್ಞಾನಿಗಳಿಗೂ ಪರಿಚಯಿಸಿಕೊಡುವಂತೆ ಒತ್ತಾಯಿಸಿ. ಈ ಸಂಸ್ಥೆ ಕೆಲಸ ಮುಗಿಸಿ ಹೊರಟು ಎರಡು ವರ್ಷವಾದ ಊರೊಂದಿದ್ದರೆ, ಸಂಸ್ಥೆಯವರನ್ನು ಜೊತೆಗೆ ಕರೆದುಕೊಳ್ಳದೆ ನೀವೇ ಹೋಗಿ ಬನ್ನಿ. ಅಲ್ಲಿ ಹೊಸ ಕ್ರಮವನ್ನು ಮುಂದುವರಿಸಿದವರಿಗಿಂತ ಮೊದಲು, ಅರ್ಧಕ್ಕೆ ಬಿಟ್ಟವರನ್ನು ಮಾತನಾಡಿಸಿ.