ಬಾತ್‌ರೂಮ್ ವಾಸನೆಗೆ ಕಮೋಡ್ ಬದಲಿಸಬೇಡಿ, ಮೊದಲು ತಾರಸಿ ಹತ್ತಿ

ಚಿತ್ರದುರ್ಗದಲ್ಲಿ ಮನೆ ಕಟ್ಟಿ 2 ವರ್ಷ, ರಾತ್ರಿ ಹೊತ್ತು ಬಾತ್‌ರೂಮಿಂದ ಮೋರಿ ವಾಸನೆ, ಕಮೋಡ್ ಬದಲಿಸಲೋ ಎಕ್ಸಾಸ್ಟ್ ಫ್ಯಾನ್ ಹಾಕಿಸಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ಎರಡನ್ನೂ ಮಾಡಿಸಿ ದುಡ್ಡು ಕಳಕೊಂಡು ಕೂತವನು ನಾನು.

ನಮ್ಮನೆ ದಾವಣಗೆರೆಯ ನಿಟುವಳ್ಳಿಯಲ್ಲಿ. ಕೆಳಗೊಂದು ಮನೆ, ಮೇಲೊಂದು ಮನೆ. ಬಾತ್‌ರೂಮುಗಳು ಒಂದರ ನೆತ್ತಿ ಮೇಲೆ ಇನ್ನೊಂದು, ಎರಡಕ್ಕೂ ಸೇರಿ ಒಂದೇ 4 ಇಂಚಿನ ಪೈಪು. ಕೆಳಗೆ ಅದು ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತೆ, ಮೇಲೆ ತಾರಸಿ ದಾಟಿ 2 ಅಡಿ ಎದ್ದು ನಿಂತಿತ್ತು. ಐದು ವರ್ಷ ವಾಸನೆ ಅನ್ನೋದೇ ಇರಲಿಲ್ಲ. 2019ರ ಬೇಸಿಗೆ, ಅವ್ವ ತಾರಸಿ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದಳು. ಆ ಪೈಪಿನ ಪಕ್ಕದಲ್ಲೇ.

"ಲೋ, ಆ ಪೈಪು ಗಬ್ಬು ನಾರ್ತತಲ್ಲೋ. ಈ ಸಂಡಿಗೆ ಯಾರ್ ತಿಂತಾರೆ?"

ಸಂಡಿಗೆ ಆ ಕಡೆಗೆ ಸರಿಸು ಅಂದಿದ್ದರೆ ಮುಗೀತಿತ್ತು. ನಾನು ದೊಡ್ಡ ಬುದ್ಧಿವಂತ. ಸಂಜೆ ಅಂಗಡಿ ಮುಚ್ಚಿ ಬರುವಾಗ 4 ಇಂಚಿನ ಎಂಡ್ ಕ್ಯಾಪ್ ಒಂದು ತಂದೆ, 40 ರೂಪಾಯಿ. ಒಳಗೆಲ್ಲ ಸಲ್ಯೂಷನ್ ಬಳಿದು ಪೈಪಿನ ಬಾಯಿಗೆ ಒತ್ತಿ ತಿರುವಿದೆ. ಸೊಳ್ಳೆಯೂ ಬರಲ್ಲ, ಮಳೆನೀರೂ ಹೋಗಲ್ಲ ಅಂತ ಮನೆಯಾಕೆ ಮುಂದೆ ಜಂಬ ಬೇರೆ ಕೊಚ್ಚಿದೆ.

ವಾರ ಕಳೆದಿರಲಿಲ್ಲ. ಮೇಲಿನ ಮನೆಯವರು ಫ್ಲಶ್ ಎಳೆದಾಗೆಲ್ಲ ನಮ್ಮ ಬಾತ್‌ರೂಮಿನ ನಾನಿ ಟ್ರ್ಯಾಪಲ್ಲಿ ಗುಳುಗುಳು ಸದ್ದು. ನಾನಿ ಟ್ರ್ಯಾಪ್ ಅಂದರೆ ಗೊತ್ತಲ್ಲ, ಬಚ್ಚಲ ಮೂಲೆಯಲ್ಲಿ ಜಾಲರಿ ಮುಚ್ಚಿರುತ್ತಲ್ಲ ಅದು, ಕೆಲವರು ನಹಾನಿ ಅಂತಾರೆ. ಬೆಳಗ್ಗೆ ಬಾಗಿಲು ತೆಗೆದರೆ ಕೊಳೆತ ಮೊಟ್ಟೆ ವಾಸನೆ ಮುಖಕ್ಕೆ ಹೊಡೀತಿತ್ತು. ಫಿನಾಯಿಲ್ ಸುರಿದೆ, ಆ್ಯಸಿಡ್ ಸುರಿದೆ, ನುಸಿಗುಳಿಗೆ ಹಾಕಿದೆ. ಆಮೇಲೆ ಒಬ್ಬ ಹುಡುಗ ಪ್ಲಂಬರ್ ಬಂದು ಕಮೋಡಿನ ತಳ ಲೀಕ್ ಅಂದ. 9,500 ರೂಪಾಯಿಯ ಹೊಸ ಕಮೋಡ್, ಕೂಲಿ ಬೇರೆ. ವಾಸನೆ ಅಲ್ಲೇ ಇತ್ತು. ಇನ್ನೊಬ್ಬರು ಫ್ಯಾನ್ ಅಂದರು, ಗೋಡೆ ಒಡೆಸಿ ಹಾಕಿಸಿದೆ. ಸ್ವಿಚ್ ಹಾಕಿದರೆ ವಾಸನೆ ಇನ್ನೂ ಜಾಸ್ತಿ! ಎಲ್ಲ ಸೇರಿ 16,000ದ ಹತ್ತಿರ ಹೋಯಿತು.

ಕೊನೆಗೆ ತಿಳಿಸಿಕೊಟ್ಟಿದ್ದು ಅಡುಗೆಮನೆ ನಲ್ಲಿಗೆ ವಾಷರ್ ಹಾಕೋಕೆ ಬಂದಿದ್ದ ಒಬ್ಬ ವಯಸ್ಸಾದ ಚಾಚಾ. ಗುಳುಗುಳು ಕೇಳಿದ್ದೇ ತಡ, ಸ್ಪ್ಯಾನರ್ ಕೆಳಗಿಟ್ಟು "ಮ್ಯಾಲೆ ಪೈಪಿನ ಬಾಯಿ ಹೆಂಗೈತೆ?" ಅಂದರು. ತಾರಸಿಗೆ ಕರಕೊಂಡು ಹೋದೆ. ಕ್ಯಾಪ್ ನೋಡಿ ಒಂದು ನಿಮಿಷ ನಕ್ಕರು. ನನ್ನದು ಕಿರಾಣಿ ಅಂಗಡಿ ಅಂತ ಅವರಿಗೆ ಗೊತ್ತು.

"ಸಾವ್ಕಾರ್ರೆ, ಎಣ್ಣೆ ಡಬ್ಬಕ್ಕೆ ನೀವು ಎಷ್ಟು ತೂತು ಹೊಡಿತೀರಿ?"

ಎರಡು. ಒಂದೇ ಹೊಡೆದರೆ ಎಣ್ಣೆ ಗುಳಕ್ ಗುಳಕ್ ಅಂತ ನಿಂತು ನಿಂತು ಬೀಳುತ್ತೆ, ಅಂಗಿ ಮೇಲೆ ಸಿಡಿಯುತ್ತೆ. ಎದುರು ಮೂಲೆಗೆ ಇನ್ನೊಂದು ಸಣ್ಣ ತೂತು ಹೊಡೆದರೆ ದಾರದ ಹಂಗೆ ಇಳಿಯುತ್ತೆ. ಇಪ್ಪತ್ತು ವರ್ಷದಿಂದ ದಿನಾ ಮಾಡೋ ಕೆಲಸ. ಮನೆ ಪೈಪಿಗೆ ಆ ಎರಡನೇ ತೂತನ್ನು ನಾನೇ ಮುಚ್ಚಿದ್ದೆ.

ಇದನ್ನ ಸ್ವಲ್ಪ ಎಳೆದೇ ಹೇಳ್ತೀನಿ, ಯಾಕಂದರೆ ನಿಮ್ಮ ಪ್ಲಂಬರ್ ಹೇಳಲ್ಲ. ನಾನಿ ಟ್ರ್ಯಾಪಿನ ಒಳಗೆ ಬಾಗಿದ ಜಾಗದಲ್ಲಿ ಸುಮಾರು 2 ಇಂಚು, ಅಂದರೆ 50 ಮಿಲಿಮೀಟರ್ ನೀರು ಸದಾ ನಿಂತಿರಬೇಕು. ಮೋರಿ ಗಾಳಿಗೂ ನಿಮ್ಮ ಮೂಗಿಗೂ ನಡುವೆ ಇರೋ ಬಾಗಿಲು ಆ ನೀರು ಒಂದೇ. ಕಮೋಡಿನಲ್ಲಿ ಕಾಣೋ ನೀರೂ ಅದಕ್ಕೇ ಇರೋದು. ಮೇಲಿನಿಂದ ಒಂದು ಫ್ಲಶ್ ನೀರು ಪೈಪಲ್ಲಿ ಬಿದ್ದಾಗ ಅದು ಸೈಕಲ್ ಪಂಪಿನ ಪಿಸ್ಟನ್ ಇದ್ದ ಹಂಗೆ. ಮುಂದಿರೋ ಗಾಳಿಯನ್ನ ಒತ್ತುತ್ತೆ, ಹಿಂದಿರೋ ಗಾಳಿಯನ್ನ ಎಳೆಯುತ್ತೆ. ತಾರಸಿ ಮೇಲೆ ಬಾಯಿ ತೆರೆದಿದ್ದರೆ ಎಳೆತಕ್ಕೆ ಆಕಾಶದಿಂದ ಗಾಳಿ ಬರುತ್ತೆ. ಮುಚ್ಚಿದ್ದರೆ? ಎಲ್ಲಿ ಸುಲಭವೋ ಅಲ್ಲಿಂದ ಎಳೆಯುತ್ತೆ, ಅಂದರೆ ಮೇಲಿನ ಮನೆಯ ಟ್ರ್ಯಾಪಿನ ನೀರನ್ನೇ ಹೀರಿಕೊಳ್ಳುತ್ತೆ. ಕೆಳಗೆ ನಮ್ಮ ಟ್ರ್ಯಾಪಲ್ಲಿ ಒತ್ತಿದ ಗಾಳಿ ಗುಳ್ಳೆಯಾಗಿ ಹೊರಬರುತ್ತೆ, ಆ ಸದ್ದೇ ಗುಳುಗುಳು. ಇದರ ಜೊತೆ ಸೆಪ್ಟಿಕ್ ಟ್ಯಾಂಕಲ್ಲಿ ಹಗಲೂ ರಾತ್ರಿ ಹುಟ್ಟೋ ಹೈಡ್ರೋಜನ್ ಸಲ್ಫೈಡ್, ಅದೇ ಮೊಟ್ಟೆ ವಾಸನೆ, ಅದಕ್ಕೂ ಹೊರಗೆ ಹೋಗೋಕೆ ಇದ್ದದ್ದು ಆ ಪೈಪು ಒಂದೇ.

ಫ್ಯಾನ್ ಯಾಕೆ ಕೆಡಿಸಿತು ಅಂತಲೂ ಈಗ ಗೊತ್ತಾಗಿರಬೇಕು. ಬಾಗಿಲು ಹಾಕಿದ ಬಾತ್‌ರೂಮಿಂದ ಅದು ಗಾಳಿ ಹೊರಗೆ ತಳ್ಳಿದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕು. ಟ್ರ್ಯಾಪಲ್ಲಿ ನೀರಿಲ್ಲದಿದ್ದರೆ ಮೋರಿಯಿಂದಲೇ ಬರುತ್ತೆ. ನಾನು ಕರೆಂಟು ಸುಟ್ಟು ವಾಸನೆಯನ್ನ ಮನೆಯೊಳಗೆ ಎಳಕೊಳ್ತಿದ್ದೆ.

ನಮ್ಮ ಅಕ್ಕನ ಮಗ ಗೋವಾದಲ್ಲಿ ಹಾಯಿದೋಣಿ ರಿಪೇರಿ ಮಾಡೋ ಕಡೆ ಇದ್ದಾನೆ. ಅವನಿಗೆ ಈ ಕಥೆ ಹೇಳಿದರೆ, "ಮಾಮಾ, ದೋಣಿ ಸಂಡಾಸಲ್ಲೂ ಇದೇ ರೋಗ" ಅಂದ. ಅಲ್ಲಿ ಮಲದ ಟ್ಯಾಂಕಿನ ಗಾಳಿ ಪೈಪು ಬೆರಳಿನಷ್ಟು ಸಣ್ಣದು, ಅದು ಕಟ್ಟಿಕೊಂಡರೆ ಇಡೀ ದೋಣಿ ನಾರುತ್ತಂತೆ. ದಪ್ಪ ಪೈಪು ಹಾಕಿ ಟ್ಯಾಂಕಿಗೆ ಗಾಳಿ ಚೆನ್ನಾಗಿ ಆಡಿಸಿದರೆ ವಾಸನೆ ಹುಟ್ಟಿಸೋ ಬ್ಯಾಕ್ಟೀರಿಯಾವೇ ಕಮ್ಮಿಯಾಗುತ್ತವಂತೆ. ಅಲ್ಲಿ ರಬ್ಬರ್ ಪೈಪುಗಳೇ ವಾಸನೆ ಕುಡಿದುಬಿಡೋದೂ ಉಂಟು. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನ ಒಂದೊಂದು ಪೈಪಿಗೂ ಸುತ್ತಿಟ್ಟು, ಆರಿದ ಮೇಲೆ ಬಟ್ಟೆ ಮೂಸಿ ಕಳ್ಳ ಪೈಪು ಯಾವುದು ಅಂತ ಹಿಡಿಯುತ್ತಾರೆ. ನಮ್ಮ ಪಿವಿಸಿಗೆ ಆ ರೋಗವಿಲ್ಲ, ಆದರೆ ಕಳ್ಳನನ್ನ ಹಿಡಿಯೋ ಉಪಾಯ ಮಾತ್ರ ಕದಿಯಬಹುದು.

ರಾತ್ರಿ ಮಲಗೋ ಮುಂಚೆ ನಾನಿ ಟ್ರ್ಯಾಪಿನ ಜಾಲರಿ ಮೇಲೆ ದಪ್ಪ ಪ್ಲಾಸ್ಟಿಕ್ ಕವರ್ ಹಾಸಿ, ಅದರ ಮೇಲೆ ಮರಳೋ ಅಕ್ಕಿಯೋ ತುಂಬಿದ ಚೀಲ ಇಡಿ. ಬೆಳಗ್ಗೆ ವಾಸನೆ ಇಲ್ಲದಿದ್ದರೆ ಕಳ್ಳ ಅವನೇ. ಇದ್ದರೆ ಮಾರನೇ ರಾತ್ರಿ ವಾಷ್ ಬೇಸಿನ್ ಪೈಪು ನೆಲಕ್ಕೆ ಇಳಿಯೋ ಜಾಗ ಮುಚ್ಚಿ ನೋಡಿ. ಎಷ್ಟೋ ಮನೆಗಳಲ್ಲಿ ಆ ಸುರುಳಿ ಪೈಪನ್ನ ತೂತಿಗೆ ಸುಮ್ಮನೆ ತುರುಕಿರುತ್ತಾರೆ, ಸುತ್ತ ಎರಡು ಬೆರಳು ಸಂದಿ. ಕಮೋಡನ್ನ ಅನುಮಾನಿಸೋದು ಕಟ್ಟಕಡೆಗೆ.

ನಾನು ಮಾಡಿಸಿದ್ದು ಇಷ್ಟು. ಚಾಚಾ ಆಕ್ಸಾ ಬ್ಲೇಡಲ್ಲಿ ಕ್ಯಾಪ್ ಕೊಯ್ದು ತೆಗೆದರು. ಕೊಯ್ದ ಕೂಡಲೇ ಬುಸ್ ಅಂತ ಬಂದ ಗಾಳಿಗೆ ನಾವಿಬ್ಬರೂ ನೀರಿನ ಟ್ಯಾಂಕಿನ ಹಿಂದೆ ಓಡಿದೆವು. ಎರಡು ಬೆಂಡ್ ಹಾಕಿ ಪೈಪನ್ನ ಟ್ಯಾಂಕಿನ ಸ್ಟ್ಯಾಂಡಿಗೆ ತಿರುಗಿಸಿ, ತಲೆಗಿಂತ ಮೇಲೆ, 7 ಅಡಿಗೆ ಎತ್ತಿ, ತುದಿಗೆ ಕೌಲ್ ಅನ್ನೋ ಜಾಲರಿ ಇರೋ ಟೊಪ್ಪಿ ಕೂರಿಸಿದರು. ಜನ ಓಡಾಡೋ ತಾರಸಿ ಆದರೆ ಅಷ್ಟು ಎತ್ತರ ಬೇಕೇ ಬೇಕು, ಕಿಟಕಿ ಹತ್ತಿರ ಅಂತೂ ಬಿಡಲೇಬೇಡಿ. ಸಾಮಾನು ಕೂಲಿ ಎಲ್ಲ ಸೇರಿ 1,100. ಗುಳುಗುಳು ಅವತ್ತೇ ನಿಂತಿತು, ವಾಸನೆ ಎರಡು ದಿನಕ್ಕೆ.

ನೀವು ಬೇಸಿಗೆ ರಜೆಗೆ ಮನೆ ಬೀಗ ಹಾಕಿ ಊರಿಗೆ ಹೋಗೋರಾದರೆ ಇನ್ನೊಂದು. ದುರ್ಗದ ಬಿಸಿಲಿಗೆ ಟ್ರ್ಯಾಪಿನ ನೀರು ತಾನಾಗೇ ಆರಿಹೋಗುತ್ತೆ. ಹೊರಡೋ ದಿನ ಒಂದು ಚೊಂಬು ನೀರು ಹಾಕಿ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ, ಪೊರೆ ಕಟ್ಟಿ ಬೇಗ ಆರಲ್ಲ. ಎಣ್ಣೆ ಮಾರೋನು ಅಂತ ಹೇಳ್ತಿಲ್ಲ.

ಸೆಪ್ಟಿಕ್ ಟ್ಯಾಂಕ್ ತೆಗೆದು ನೋಡೋಣ ಅನ್ನೋರ ಮಾತು ಕೇಳಿ ಯಾರನ್ನೂ ಒಳಗೆ ಇಳಿಸಬೇಡಿ. ಅದೇ ಮೊಟ್ಟೆ ವಾಸನೆಯ ಗಾಳಿ ಅಲ್ಲಿ ನಿಮಿಷದಲ್ಲಿ ಆಳನ್ನ ಕೆಡವುತ್ತೆ, ರಕ್ಷಣೆ ಇಲ್ಲದೆ ಇಳಿಸೋದು ಮಲ ಹೊರೋ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ. ತುಂಬಿದ್ದರೆ ಸಕ್ಕಿಂಗ್ ಗಾಡಿ ಕರೆಸಿ.

ಈಗ ತಾರಸಿ ಹತ್ತಿ ನೋಡಿ. ಪೈಪಿನ ಬಾಯಿಗೆ ಕ್ಯಾಪ್ ಇದೆಯಾ, ಪಾರಿವಾಳ ಗೂಡು ಕಟ್ಟಿದೆಯಾ, ಅಥವಾ ಮೇಸ್ತ್ರಿ ಪೈಪೇ ಬಿಡದೆ ಸ್ಲ್ಯಾಬ್ ಹಾಕಿದ್ದಾನಾ. ಫೋಟೋ ತೆಗೆದು ಇಲ್ಲೇ ಕೆಳಗೆ ಹಾಕಿ. ಆ ಫ್ಯಾನಿಗೆ ಅಡ್ವಾನ್ಸ್ ಕೊಟ್ಟಿದ್ದರೆ ವಾಪಸ್ ಕೇಳಿ.