ಬೆಟ್ಟ ಹತ್ತುವವನು ಕೈಯೊಡ್ಡಿದರೆ ತಪ್ಪೇನು?

ಚಿಂತಾಮಣಿಯಿಂದ ನಿವೃತ್ತ ಶಿಕ್ಷಕರೊಬ್ಬರು ಪತ್ರ ಬರೆದಿದ್ದಾರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ತಂಗಿಯ ಮಗ, ಒಂದೇ ದಿನದಲ್ಲಿ ನಂದಿಬೆಟ್ಟವನ್ನು ಐದು ಸಲ ಸೈಕಲ್ಲಿನಲ್ಲಿ ಹತ್ತುವುದಾಗಿ ಸಂಕಲ್ಪ ಮಾಡಿ, ಕ್ಯಾನ್ಸರ್ ಪೀಡಿತ ಮಕ್ಕಳ ಚಿಕಿತ್ಸೆಗೆ ಹಣ ಕೊಡಿರೆಂದು ನೆಂಟರಿಷ್ಟರಿಗೆಲ್ಲ ಸಂದೇಶ ಕಳಿಸಿದ್ದಾನಂತೆ. ‘ಇವನು ಬೆಟ್ಟ ಹತ್ತಿದರೆ ಯಾವ ಮಗುವಿನ ಕಾಯಿಲೆ ವಾಸಿಯಾಗುತ್ತದೆ? ಸೈಕಲ್ಲಿಗೆ ಸುರಿದ ದುಡ್ಡನ್ನೇ ಆಸ್ಪತ್ರೆಗೆ ಕೊಡಬಹುದಿತ್ತಲ್ಲವೆ? ದಾನಕ್ಕೆ ಡಂಗುರವೇಕೆ?’ ಎಂದು ಕೇಳಿದ್ದಾರೆ.

ಮಾನ್ಯರೆ, ನಿಮ್ಮ ಅನುಮಾನ ನಿರಾಧಾರವೆಂದು ನಾನು ಹೇಳುವುದಿಲ್ಲ. ಇಂಗ್ಲೆಂಡಿನ ಹಿರಿಯ ಯೋಧ ಟಾಮ್ ಮೂರ್ 2020ರಲ್ಲಿ, ನೂರು ತುಂಬುವ ಹೊತ್ತಿಗೆ, ತಮ್ಮ ಮನೆಯಂಗಳದಲ್ಲಿ ನೂರು ಸುತ್ತು ನಡೆದು, ಆರೋಗ್ಯ ಸೇವೆಯ ದತ್ತಿಗಳಿಗೆ 3 ಕೋಟಿ ಪೌಂಡಿಗೂ ಹೆಚ್ಚು ಕೂಡಿಸಿದರು. ಆ ಹಣ ಸೇರಬೇಕಾದಲ್ಲಿಗೇ ಸೇರಿತು. ಆದರೆ ಅವರ ಹೆಸರಿನಲ್ಲಿ ಆಮೇಲೆ ಸ್ಥಾಪನೆಯಾದ ಪ್ರತಿಷ್ಠಾನದಿಂದ ಕುಟುಂಬದವರು ಲಾಭ ಪಡೆದರೆಂದು ಅಲ್ಲಿನ ದತ್ತಿ ಆಯೋಗ 2024ರಲ್ಲಿ ವರದಿ ಕೊಟ್ಟಿತು. ಆದ್ದರಿಂದ ಹಣ ನೇರವಾಗಿ ಆಸ್ಪತ್ರೆಯ ಖಾತೆಗೆ ಹೋಗುತ್ತದೆಯೆ, ರಸೀದಿ ಬರುತ್ತದೆಯೆ, ದಾರಿಖರ್ಚು ಅವನದೇ ತಾನೆ ಎಂದು ಅಗತ್ಯವಾಗಿ ಕೇಳಿ. ಆ ಹಕ್ಕು ಸೋದರಮಾವನಿಗಿದೆ.

ಆದರೆ ಅವನದು ಡಂಗುರವೆಂಬ ಮಾತನ್ನು ನಾನು ಒಪ್ಪಲಾರೆ. ಮೂಳೆಯ ಕ್ಯಾನ್ಸರಿನಿಂದ ಬಲಗಾಲನ್ನು ಕಳೆದುಕೊಂಡ ಕೆನಡಾದ ಟೆರಿ ಫಾಕ್ಸ್ 1980ರ ಏಪ್ರಿಲ್‌ನಲ್ಲಿ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲೆಂದು, ಕೃತಕ ಕಾಲಿನಲ್ಲಿ ದೇಶದ ಉದ್ದಕ್ಕೂ ಓಡಲು ಹೊರಟಾಗ ಅವನಿಗೆ ಇನ್ನೂ ಇಪ್ಪತ್ತೊಂದು ವರ್ಷ. ಮೊದಮೊದಲು ವಿಚಾರಿಸುವವರೇ ಕಡಿಮೆ. ಪೋರ್ಟ್ ಓ ಬಾಸ್ಕ್ ಎಂಬ ಸುಮಾರು 10,000 ಜನರ ಊರು ತಲೆಗೊಂದು ಡಾಲರಿನಂತೆ ಹಣ ಕೂಡಿಸಿಕೊಟ್ಟ ಮೇಲೆ, ಪ್ರತಿಯೊಬ್ಬ ಕೆನಡಿಯನ್ನಿಂದಲೂ ಒಂದೊಂದು ಡಾಲರ್ ಬೇಡುವ ಧೈರ್ಯ ಅವನಿಗೆ ಬಂತು. ರೋಗ ಶ್ವಾಸಕೋಶಕ್ಕೆ ಹರಡಿದ್ದರಿಂದ 143 ದಿನ, 5,373 ಕಿಲೋಮೀಟರ್ ಆದ ಮೇಲೆ ಓಟ ನಿಂತಿತು. ಮರುವರ್ಷ ಜೂನ್‌ನಲ್ಲಿ ಅವನು ತೀರಿಕೊಂಡ. ಅಷ್ಟರೊಳಗೆ ನಿಧಿ 2.4 ಕೋಟಿ ಡಾಲರ್ ದಾಟಿ, ತಲೆಗೊಂದರ ಲೆಕ್ಕ ತುಂಬಿತ್ತು. ಆ ಓಟದಿಂದ ಯಾವ ರೋಗಿಯೂ ಗುಣವಾಗಲಿಲ್ಲ, ನಿಜ. ಆದರೆ ಮನೆಯಲ್ಲಿ ಕುಳಿತು ಮನವಿಪತ್ರ ಬರೆದಿದ್ದರೆ ಯಾವ ಊರು ಬೀದಿಗೆ ಬಂದು ಅವನ ಮಾತು ಕೇಳುತ್ತಿತ್ತು?

ದೂರದ ದೇಶವೇಕೆ, ನಮ್ಮ ಸೀಮೆಯನ್ನೇ ನೋಡಿ. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿ ಭಿಕ್ಷೆ ಎತ್ತಿದ್ದರಿಂದಲೇ ಬಡ ರೈತರ ಮಕ್ಕಳಿಗೆ ಅನ್ನವೂ ಅಕ್ಷರವೂ ದಕ್ಕಿದವು. 1927ರಲ್ಲಿ ಕಾಯಿಲೆಯಿಂದ ಬಳಲಿ ಇದೇ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದ ಗಾಂಧೀಜಿ, ಚೇತರಿಸಿಕೊಂಡೊಡನೆ ಮೈಸೂರು ಸಂಸ್ಥಾನದ ಊರುಗಳಲ್ಲಿ ಖಾದಿ ನಿಧಿಗೆ ಹಣ ಬೇಡಿದರು. ಪರರಿಗಾಗಿ ಮೈ ದಣಿಸಿ ಬೇಡಿದವರನ್ನು ಈ ನೆಲ ಕೀಳಾಗಿ ಕಂಡದ್ದಿಲ್ಲ.

ಈಗ ಹಾಗಿಲ್ಲವೆಂಬುದೇ ನನ್ನ ಕೊರಗು. ಗಣೇಶೋತ್ಸವದ ಆರ್ಕೆಸ್ಟ್ರಾಗೆ ಚಂದಾ ಕೇಳಿದರೆ ಮರುಮಾತಿಲ್ಲದೆ ಕೊಡುತ್ತೇವೆ. ಗುಡಿಗೆ ಕೊಟ್ಟ ಫ್ಯಾನಿನ ರೆಕ್ಕೆಯ ಮೇಲೆ ನಮ್ಮ ಹೆಸರನ್ನೂ ಬರೆಸುತ್ತೇವೆ. ಗುರುತಿಲ್ಲದ ಮಗುವಿಗಾಗಿ ಯಾರಾದರೂ ಕೈಯೊಡ್ಡಿದಾಗ ಮಾತ್ರ ಅವರ ಉದ್ದೇಶವನ್ನು ಜರಡಿ ಹಿಡಿಯುತ್ತೇವೆ. ಓದಿದವರು, ಸ್ಥಿತಿವಂತರು ಕೇಳಲು ನಾಚಿ ಹಿಂದೆ ಸರಿದರೆ ಆ ಕೆಲಸ ಯಾರ ಪಾಲಿಗೆ ಬೀಳುತ್ತದೆಂದು ಯೋಚಿಸಿದ್ದೀರಾ? ಮಗುವಿನ ಅಪ್ಪನ ಪಾಲಿಗೆ. ಬಾಗೇಪಲ್ಲಿಯ ಕಡೆಯಿಂದಲೋ ಮುಳಬಾಗಿಲಿನ ಕಡೆಯಿಂದಲೋ ರಾತ್ರಿ ಬಸ್ಸು ಹಿಡಿದು ಬಂದು, ಫೈಲನ್ನು ಕಂಕುಳಲ್ಲಿ ಅವುಚಿಕೊಂಡು, ಕೂಲಿ ಬಿಟ್ಟು, ಸಿಕ್ಕವರ ಮುಂದೆಲ್ಲ ಮಗುವಿನ ಕಾಯಿಲೆಯನ್ನು ಮೊದಲಿನಿಂದ ಹೇಳಿಕೊಳ್ಳಬೇಕಾದವನು ಅವನೇ. ಚಿಕಿತ್ಸೆಯ ಹೊಣೆಯನ್ನು ಸರ್ಕಾರ ಪೂರ್ತಿ ಹೊರಬೇಕೆಂಬುದು ಸರಿಯೇ; ಅದು ಆಗುವತನಕ ಆ ಅಪ್ಪನ ಬದಲಿಗೆ ನಿಮ್ಮ ಸೋದರಳಿಯ ಕೇಳುತ್ತಿದ್ದಾನೆ. ಸೈಕಲ್ಲಿನ ಬೆಲೆಯನ್ನು ಅವನು ಕೊಟ್ಟುಬಿಟ್ಟಿದ್ದರೆ ಅದು ಒಬ್ಬನ ಕಾಣಿಕೆಯಾಗಿ ಅಲ್ಲಿಗೇ ಮುಗಿಯುತ್ತಿತ್ತು. ಬೆಟ್ಟ ಹತ್ತುತ್ತೇನೆಂದಿದ್ದರಿಂದ ನೆಂಟರ ಮನೆಮನೆಯಲ್ಲೂ ಆ ಮಕ್ಕಳ ಮಾತು ಬಂದಿದೆ, ನಮ್ಮ ಪತ್ರಿಕೆಗೂ ಬಂದಿದೆ.

ಬೆಟ್ಟ ಹತ್ತಿದ ಒಂದೊಂದು ಸಲಕ್ಕೂ ಇಷ್ಟು ಹಣವೆಂದು ಮಾತು ಕೊಡಿ. ಆಗ ಐದನೆಯ ಸಲ ಕಾಲು ಸೋತಾಗಲೂ ಅವನಿಗೆ ಇಳಿಯುವ ಮನಸ್ಸಾಗದು. ಇನ್ನೊಂದು ಕೋರಿಕೆಯೂ ಇದೆ. ಚಿಂತಾಮಣಿಯಲ್ಲಿ ನಿಮ್ಮ ಕೈಯಲ್ಲಿ ಕಲಿತವರು ಈಗ ಅಂಗಡಿ, ಮಂಡಿ, ಕಚೇರಿಗಳಲ್ಲಿ ತುಂಬಿದ್ದಾರೆ. ಆ ಸಂದೇಶಕ್ಕೆ ನಿಮ್ಮದೂ ಎರಡು ಸಾಲು ಸೇರಿಸಿ ಅವರಿಗೆ ಕಳಿಸಿಕೊಡಿ. ಮೇಷ್ಟ್ರು ಕೇಳಿದರೆ ಅವರು ಇಲ್ಲವೆನ್ನುವುದಿಲ್ಲ.

— ಸಂಪಾದಕ